ಟ್ರ್ಯಾಕ್ ಇಲ್ಲದ ಟೈಮ್‌ಲೈನ್‌ನಲ್ಲಿ ಸಂಘ-ಸಂಸ್ಥೆಯ ವಿಡಿಯೋ: ‘ಇನ್ನೊಂದು ಸಣ್ಣ ಬದಲಾವಣೆ’ಗೆ ಮೊದಲೇ ತಯಾರಿ

ಶಿರಸಿಯ ಸಹಕಾರಿ ಸಂಘದ ಪರಿಚಯ ವಿಡಿಯೋ ಇರಲಿ, ಗೋಕರ್ಣದ ರೆಸಾರ್ಟಿನದಿರಲಿ, ಅಂಕೋಲಾದ ಗೋಡಂಬಿ ಕಾರ್ಖಾನೆಯದಿರಲಿ, ಮೊದಲ ಕಟ್ ಮುಗಿದಾಗ ಕೆಲಸ ಮುಗಿದಿರುವುದಿಲ್ಲ. ‘ಅಧ್ಯಕ್ಷರ ಶಾಟ್ ಇನ್ನೊಂದೆರಡು ಸೆಕೆಂಡ್ ಇರ್ಲಿ ಮಾರಾಯ್ರೆ’ ಎಂಬ ಫೋನು ಬಂದೇ ಬರುತ್ತದೆ. ಆಮೇಲೆ ಕಾರ್ಯದರ್ಶಿಯವರ ಪದನಾಮ ಬದಲಾಗುತ್ತದೆ, ಎರಡನೇ ಭಾಗ ನಾಲ್ಕನೆಯದಾಗುತ್ತದೆ, ಕೊನೆಗೆ ಮೊದಲಿದ್ದದ್ದೇ ಚೆನ್ನಾಗಿತ್ತು ಎನ್ನುತ್ತಾರೆ.

ಆಪಲ್‌ನ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ 2011ರಲ್ಲಿ ಟ್ರ್ಯಾಕ್‌ಗಳನ್ನು, ಅಂದರೆ ಕ್ಲಿಪ್ ಜೋಡಿಸುವ ಸ್ಥಿರ ಸಾಲುಗಳನ್ನು, ಕೈಬಿಟ್ಟು ಮ್ಯಾಗ್ನೆಟಿಕ್ ಟೈಮ್‌ಲೈನ್ ತಂದಿತು: ಒಂದು ಕ್ಲಿಪ್ ತೆಗೆದರೆ ಮುಂದಿನವು ತಾವೇ ಸರಿದು ಜಾಗ ತುಂಬುತ್ತವೆ. ನಡುವೆ ಒಂದು ಪ್ರೈಮರಿ ಸ್ಟೋರಿಲೈನ್, ಅಂದರೆ ಮುಖ್ಯ ಸಾಲು. ಉಳಿದದ್ದೆಲ್ಲ ಅದರ ಮೇಲೆ ಅಥವಾ ಕೆಳಗೆ ಅಂಟಿಕೊಂಡ ಕ್ಲಿಪ್. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಹಾಗೆ: ಮರ ಕಡಿದರೆ ಬಳ್ಳಿಯೂ ಹೋಯಿತು. ಪದೇ ಪದೇ ತಿದ್ದುಪಡಿ ಬರುವ ಕೆಲಸಕ್ಕೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಇಲ್ಲ. ಆದರೆ ಯಾವ ಕ್ಲಿಪ್ ಯಾವುದಕ್ಕೆ ಅಂಟಿರಬೇಕು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಅದನ್ನು ಬಿಟ್ಟು ಸಿಕ್ಕಿದಲ್ಲಿ ಅಂಟಿಸುತ್ತ ಹೋದವರೇ ‘ಈ ಸಾಫ್ಟ್‌ವೇರ್ ಎಲ್ಲವನ್ನೂ ತಾನೇ ಸರಿಸಿಬಿಡುತ್ತದೆ’ ಎಂದು ದೂರುವುದು.

ಪ್ರೈಮರಿಯಲ್ಲಿ ಮಾತು, ಮೇಲೆ ಚಿತ್ರ

ಇಂಥ ವಿಡಿಯೋಗಳಲ್ಲಿ ಕಥೆ ಸಾಗುವುದು ಮಾತಿನ ಮೇಲೆ. ಹಾಗಾಗಿ ವಾಯ್ಸ್ ಓವರ್ ಮತ್ತು ಬೈಟ್‌ಗಳು (ಸಂದರ್ಶನದ ಮಾತಿನ ತುಣುಕುಗಳು) ಪ್ರೈಮರಿಯಲ್ಲಿರಲಿ, ಬಿ-ರೋಲ್ (ಮಾತಿನ ಮೇಲೆ ತೋರಿಸುವ ದೃಶ್ಯಗಳು) ಎಲ್ಲ ಮೇಲೆ ಕನೆಕ್ಟ್ ಆಗಿರಲಿ. ಬರಿಯ ಆಡಿಯೋ ಕ್ಲಿಪ್ಪನ್ನು ಪ್ರೈಮರಿಯಲ್ಲಿ ಇಡಲು ಯಾವ ಅಡ್ಡಿಯೂ ಇಲ್ಲ. ಕೆಲವರು ಪ್ರೈಮರಿಯ ಉದ್ದಕ್ಕೂ ಒಂದೇ ಗ್ಯಾಪ್ ಕ್ಲಿಪ್ (ಖಾಲಿ ಕ್ಲಿಪ್) ಹಾಕಿ, ಎಲ್ಲವನ್ನೂ ಅದಕ್ಕೆ ಕನೆಕ್ಟ್ ಮಾಡಿ ಹಳೆಯ ಟ್ರ್ಯಾಕ್ ಪದ್ಧತಿಯನ್ನೇ ಮುಂದುವರಿಸುತ್ತಾರೆ. ಆಗ ಒಂದು ವಾಕ್ಯ ತೆಗೆದರೆ ಉಳಿದದ್ದು ಹಿಂದೆ ಸರಿಯುವುದಿಲ್ಲ; ಪ್ರತಿ ತಿದ್ದುಪಡಿಯೂ ಕೈಕೆಲಸವಾಗುತ್ತದೆ. ಹಾಗೆ ಮಾಡುವುದಾದರೆ ಟ್ರ್ಯಾಕ್ ಇರುವ ಸಾಫ್ಟ್‌ವೇರೇ ವಾಸಿ.

ವಾಯ್ಸ್ ಓವರನ್ನು ಒಂದೇ ಉದ್ದ ಕ್ಲಿಪ್ಪಾಗಿ ಬಿಡಬೇಡಿ. ಸ್ಕ್ರಿಪ್ಟಿನ ಪ್ಯಾರಾಗಳಿಗೆ ಸಂಖ್ಯೆ ಕೊಟ್ಟು, ಧ್ವನಿಯನ್ನೂ ಅದೇ ಪ್ರಕಾರ ತುಂಡರಿಸಿ ಹೆಸರಿಡಿ: ಪ್ಯಾರಾ 01, ಪ್ಯಾರಾ 02. ಎರಡು ಪ್ಯಾರಾಗಳ ನಡುವೆ ಆಪ್ಷನ್-ಡಬ್ಲ್ಯೂ ಒತ್ತಿ ಗ್ಯಾಪ್ ಹಾಕಿ, ಕಂಟ್ರೋಲ್-ಡಿ ಒತ್ತಿ ಅದರ ಅವಧಿಯನ್ನು 12ರಿಂದ 15 ಫ್ರೇಮ್‌ಗೆ ಇಳಿಸಿ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಇದು ಅರ್ಧ ಸೆಕೆಂಡ್, ಕೇಳುವವರಿಗೆ ಒಂದು ಉಸಿರು. ಆದರೆ ಈ ಗ್ಯಾಪ್‌ಗೆ ಏನನ್ನೂ ಕನೆಕ್ಟ್ ಮಾಡಬೇಡಿ. ಗ್ಯಾಪ್ ಅಳಿಸಿದಾಗ ಅದಕ್ಕೆ ಅಂಟಿದ್ದೂ ಅಳಿದುಹೋಗುತ್ತದೆ.

ಈಗ ಮುಖ್ಯ ನಿಯಮ: ಒಂದು ಪ್ಯಾರಾಕ್ಕೆ ಒಂದು ಬಿ-ರೋಲ್ ಗುಂಪು. ಆ ಪ್ಯಾರಾದ ಶಾಟ್‌ಗಳನ್ನು ಆಯ್ದು ಕಮಾಂಡ್-ಜಿ ಒತ್ತಿದರೆ ಅವು ಸೆಕೆಂಡರಿ ಸ್ಟೋರಿಲೈನ್ ಆಗುತ್ತವೆ. ಇಡೀ ಗುಂಪು ಒಂದೇ ಬಿಂದುವಿನಲ್ಲಿ ಪ್ರೈಮರಿಗೆ ಅಂಟಿರುತ್ತದೆ. ಗುಂಪು ಪ್ಯಾರಾ 3ರಲ್ಲಿ ಶುರುವಾಗಿ 4ರ ಮೇಲೂ ಚಾಚಿಕೊಂಡಿದ್ದರೆ, 3 ಮತ್ತು 4ನ್ನು ಅದಲು ಬದಲು ಮಾಡಿದ ಕೂಡಲೇ ಇಡೀ ಗುಂಪು 3ರ ಬೆನ್ನು ಹತ್ತಿ ಹೋಗುತ್ತದೆ, 4 ಬರಿದಾಗುತ್ತದೆ. ಕೊನೆಯ ಶಾಟ್ ಅಂದವಾಗಿ ಮುಂದಿನ ಪ್ಯಾರಾಕ್ಕೆ ಹರಿಯುತ್ತಿದ್ದರೂ ಮನಸ್ಸು ಗಟ್ಟಿ ಮಾಡಿ ಗಡಿಯಲ್ಲೇ ಕತ್ತರಿಸಿ. ಸೇರಿಸುವ ಅಂದವೆಲ್ಲ ಒಪ್ಪಿಗೆ ಸಿಕ್ಕ ಮೇಲೆ.

ಕನೆಕ್ಷನ್ ಬಿಂದು ಸಾಮಾನ್ಯವಾಗಿ ಮೇಲಿನ ಕ್ಲಿಪ್ಪಿನ ಮೊದಲ ಫ್ರೇಮಿನಲ್ಲಿರುತ್ತದೆ. ‘ಸುಲಿಯುವ ಯಂತ್ರ’ ಎಂಬ ಮಾತಿಗೆ ಹೊಂದಬೇಕಾದ ಶಾಟ್ ಅದಕ್ಕೂ ಒಂದು ಸೆಕೆಂಡ್ ಮೊದಲೇ, ಹಿಂದಿನ ಬೈಟ್‌ನ ಬಾಲದ ಮೇಲೆ ಶುರುವಾಗಿದ್ದರೆ, ಅದು ಅಂಟಿರುವುದು ಆ ಹಿಂದಿನ ಬೈಟ್‌ಗೆ. ಬೈಟ್ ತೆಗೆದರೆ ಶಾಟೂ ಮಾಯ. ಬಿಡಿ ಕ್ಲಿಪ್ಪಾದರೆ ಕಮಾಂಡ್ ಮತ್ತು ಆಪ್ಷನ್ ಒತ್ತಿ ಹಿಡಿದು ಅದರ ಮೇಲೆ ಬೇಕಾದ ಜಾಗದಲ್ಲಿ ಕ್ಲಿಕ್ ಮಾಡಿ. ಸ್ಟೋರಿಲೈನ್ ಆದರೆ ಅವೇ ಕೀ ಹಿಡಿದು ಅದರ ಮೇಲಂಚಿನ ಪಟ್ಟಿಯ ಮೇಲೆ ಕ್ಲಿಕ್ ಮಾಡಿ. ಬಿಂದು ಅಲ್ಲಿಗೆ ಸರಿಯುತ್ತದೆ.

ಮಾತು ಮಾತ್ರ ತೆಗೆಯಬೇಕು, ಮೇಲಿನ ಚಿತ್ರ ಇದ್ದಲ್ಲೇ ಇರಬೇಕು ಎಂದರೆ ಟಿಲ್ಡೆ ಚಿಹ್ನೆಯಿರುವ ಕೀ ಒತ್ತಿ ಹಿಡಿದು ಡಿಲೀಟ್ ಮಾಡಿ. ಆ ಕೀ ಕೆಲವು ಕೀಬೋರ್ಡಿನಲ್ಲಿ ಎಸ್ಕೇಪ್ ಕೆಳಗೆ, ಕೆಲವದರಲ್ಲಿ ಝಡ್ ಪಕ್ಕ ಇರುತ್ತದೆ. ಮುಂದಿನದು ಯಾವುದೂ ಅಲುಗಬಾರದು ಎಂದಿದ್ದರೆ ಶಿಫ್ಟ್-ಡಿಲೀಟ್. ತೆಗೆದ ಜಾಗದಲ್ಲಿ ಗ್ಯಾಪ್ ಕೂರುತ್ತದೆ. ಟೈಟಲ್‌ಗೆ ಕನ್ನಡ ಟೈಪ್ ಮಾಡಿದ ಮೇಲೆ ಇನ್‌ಪುಟ್ ಇಂಗ್ಲಿಷಿಗೆ ತರುವುದನ್ನು ಮರೆತರೆ ಈ ಶಾರ್ಟ್‌ಕಟ್‌ಗಳು ಕೈಕೊಡಬಹುದು. ಸಾಫ್ಟ್‌ವೇರ್ ಕೆಟ್ಟಿತು ಎಂದುಕೊಳ್ಳುವ ಮೊದಲು ಮೆನು ಬಾರಿನ ಮೂಲೆ ನೋಡಿ.

ಮ್ಯೂಸಿಕ್ ಮೂರು ತುಂಡು

ಟ್ರ್ಯಾಕ್‌ರಹಿತ ಟೈಮ್‌ಲೈನ್‌ನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಮ್ಯೂಸಿಕ್. ನಾಲ್ಕು ನಿಮಿಷದ ಹಾಡನ್ನು ಮೊದಲ ಶಾಟಿಗೆ ಕನೆಕ್ಟ್ ಮಾಡಿ ಬಿಟ್ಟರೆ ಎರಡು ಅಪಾಯ. ಕ್ಲೈಂಟ್ ಆ ಮೊದಲ ಶಾಟ್ ಬೇಡ ಎಂದರೆ ಮ್ಯೂಸಿಕ್ಕೂ ಹೋಗುತ್ತದೆ. ನಡುವಿನ 12 ಸೆಕೆಂಡ್ ತೆಗೆದರೆ ಚಿತ್ರ ಮುಗಿದ ಮೇಲೂ ಹಾಡು 12 ಸೆಕೆಂಡ್ ಓಡುತ್ತದೆ.

ಇದಕ್ಕೆ ಪ್ರೈಮರಿಯ ತಲೆಯಲ್ಲಿ ಒಂದು ಸೆಕೆಂಡಿನ ಗ್ಯಾಪ್ ಇಡಿ. ಇದೊಂದನ್ನು ಯಾರೂ ಮುಟ್ಟುವುದಿಲ್ಲ ಎಂಬ ಕರಾರಿನಿಂದ ಮ್ಯೂಸಿಕ್ಕಿನ ಆರಂಭವನ್ನು ಇದಕ್ಕೆ ಕನೆಕ್ಟ್ ಮಾಡಿ. ಗ್ಯಾಪ್‌ಗೆ ಏನೂ ಅಂಟಿಸಬಾರದು ಎಂಬ ಮೇಲಿನ ಮಾತಿಗೆ ಇದೊಂದೇ ವಿನಾಯಿತಿ. ಹಾಡಿನ ಕೊನೆಯ 8-10 ಸೆಕೆಂಡನ್ನು, ಅಂದರೆ ಅದು ತಾನಾಗಿ ಮುಗಿಯುವ ಭಾಗವನ್ನು, ಬೇರೆ ಕತ್ತರಿಸಿ ಕೊನೆಯ ಲೋಗೋ ಕ್ಲಿಪ್‌ಗೆ ಕನೆಕ್ಟ್ ಮಾಡಿ. ವಿಡಿಯೋ ಎಷ್ಟೇ ಹಿಗ್ಗಲಿ ಕುಗ್ಗಲಿ, ಕೊನೆಯ ಸ್ವರ ಲೋಗೋ ಮೇಲೆಯೇ ಬೀಳುತ್ತದೆ. ನಡುವಿನ ಭಾಗ ತಿದ್ದುಪಡಿಯಾದಂತೆ ಎಲ್ಲೋ ಹರಿಯುತ್ತದೆ, ಎಲ್ಲೋ ಒಂದರ ಮೇಲೊಂದು ಬೀಳುತ್ತದೆ. ಬೀಳಲಿ. ರಿವ್ಯೂ ಕಾಪಿಗೆ ಫೇಡ್ ಹ್ಯಾಂಡಲ್ ಎಳೆದು ಮುಚ್ಚಿದರೆ ಸಾಕು, ತಾಳಕ್ಕೆ ಸರಿಯಾಗಿ ಜೋಡಿಸುವುದು ಚಿತ್ರ ಲಾಕ್ ಆದ, ಅಂದರೆ ಇನ್ನು ಬದಲಾವಣೆ ಇಲ್ಲ ಎಂದಾದ ಮೇಲೆ. ಪ್ರತಿ ಸುತ್ತಿನಲ್ಲೂ ಮ್ಯೂಸಿಕ್ ಪಾಲಿಶ್ ಮಾಡುವುದು ದಂಡದ ಕೆಲಸ.

ಶಾಟ್‌ಗೆ ಹೆಸರು ಸರಿಯಾಗಿರಲಿ

ಬಿ-ರೋಲನ್ನು ಕೀವರ್ಡ್ ಹಾಕಿ ವಿಂಗಡಿಸುವುದು ಬೇಸರದ ಕೆಲಸ ಹೌದು. ಆದರೆ ಅಡಿಕೆ ಸಂಘದ ನಿರ್ದೇಶಕರ ಮುಂದೆ ‘ರಾಶಿ’ ಎಂಬ ಮಾತಿನ ಮೇಲೆ ಚಾಲಿ ತೋರಿಸಿದರೆ ಇಡೀ ಸಭೆಯೇ ನಗುತ್ತದೆ. ಬೇಯಿಸಿ ಒಣಗಿಸಿದ ಕೆಂಪಡಿಕೆಯಾದ ರಾಶಿ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ, ಬೆಟ್ಟೆ, ಕೆಂಪುಗೋಟು: ಪ್ರತಿಯೊಂದಕ್ಕೂ ಬೇರೆ ಕೀವರ್ಡ್ ಇರಲಿ. ‘ಅಡಿಕೆ 1’, ‘ಅಡಿಕೆ 2’ ಎಂದಿಟ್ಟರೆ ಕ್ಲೈಂಟ್ ಫೋನಿನಲ್ಲಿರುವಾಗ ಹುಡುಕಲಾಗುವುದಿಲ್ಲ. ಗೊತ್ತಿಲ್ಲದಿದ್ದರೆ ವ್ಯಾಪಾರಿ ಅಂಗಳದಲ್ಲೇ ಯಾರನ್ನಾದರೂ ಕೇಳಿ ಬರೆದಿಟ್ಟುಕೊಳ್ಳಿ.

ಋತುವನ್ನೂ ಕೀವರ್ಡ್ ಮಾಡಿ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿಗೆ ‘ಕಾರವಾರ ಬಂದರಿಗೆ ಬೋಟ್ ಬರುವ ಶಾಟ್ ಸೇರಿಸಿ’ ಎಂದರೆ ಹಳೆಯ ಸಂಗ್ರಹವೇ ಗತಿ. ಹಳೆಯ ಸಂಗ್ರಹದಲ್ಲಿ ಇನ್ನೊಂದು ಎಚ್ಚರ: ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದಿದೆ. ಅದಕ್ಕೂ ಮೊದಲಿನ ಸದಾಶಿವಗಡದ ಡ್ರೋನ್ ಶಾಟಿನಲ್ಲಿ ಹಳೆಯದು, ಹೊಸದು ಎರಡೂ ಸೇತುವೆ ಕಾಣುತ್ತವೆ. ‘ಇಂದಿನ ಕಾರವಾರ’ ಎಂಬ ಮಾತಿನ ಮೇಲೆ ಅದನ್ನು ಹಾಕಿದರೆ ಮೊದಲ ಕಮೆಂಟ್ ಅದರ ಬಗ್ಗೆಯೇ ಬರುತ್ತದೆ. ಇಂಥವಕ್ಕೆ ‘ಹಳೆಯದು’ ಎಂಬ ಕೀವರ್ಡ್ ಸೇರಿಸಿಡಿ. ಕದಂಬ ನೌಕಾನೆಲೆ, ಕೈಗಾ ಸುತ್ತ ಹೊಸ ಡ್ರೋನ್ ಶಾಟ್ ಕೇಳಿದರೆ ಆಗುವುದಿಲ್ಲ ಎಂದೇ ಹೇಳಿ, ಅಲ್ಲಿ ಹಾರಿಸುವಂತಿಲ್ಲ.

ಹೆಸರು, ಅಂಕಿ, ಲೋಗೋ

ಬಂದ ತಿದ್ದುಪಡಿಗಳಲ್ಲಿ ದೊಡ್ಡ ಪಾಲು ಅಕ್ಷರಗಳದ್ದು. ಸಂಘದ ವಹಿವಾಟಿನ ಅಂಕಿ ಆಡಿಟ್ ಮುಗಿಯುವ ತನಕ ಬದಲಾಗುತ್ತಿರುತ್ತದೆ, ವಾರ್ಷಿಕ ಸಭೆ ಮಾತ್ರ ಸೆಪ್ಟೆಂಬರ್ ಒಳಗೆ ಆಗಲೇಬೇಕು. ಆದ್ದರಿಂದ ಅಂಕಿಯನ್ನು ವಾಯ್ಸ್ ಓವರಿನಲ್ಲಿ ಹೇಳಿಸಬೇಡಿ. ಧ್ವನಿ ‘ಕಳೆದ ವರ್ಷಕ್ಕಿಂತ ಹೆಚ್ಚಿನ ವಹಿವಾಟು’ ಎನ್ನಲಿ, ಕೋಟಿಯ ಲೆಕ್ಕ ಪರದೆಯ ಮೇಲೆ ಟೈಟಲ್ ಆಗಿ ಬರಲಿ. ಟೈಟಲ್ ತಿದ್ದಲು ಒಂದು ನಿಮಿಷ. ಧ್ವನಿ ಕೊಟ್ಟವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಒಂದು ಸಾಲಿಗೆ ಎರಡು ದಿನ.

ಒಂದೇ ಪದ ಹಲವು ಟೈಟಲ್‌ನಲ್ಲಿ ತಪ್ಪಿದ್ದರೆ ಎಡಿಟ್ ಮೆನುವಿನ ಫೈಂಡ್ ಅಂಡ್ ರಿಪ್ಲೇಸ್ ಟೈಟಲ್ ಟೆಕ್ಸ್ಟ್ ಬಳಸಿ. ‘ಉಪಾಧ್ಯಕ್ಷರು’ ಎಂಬಲ್ಲಿ ‘ಅಧ್ಯಕ್ಷರು’ ಅಡಗಿಲ್ಲ ಎಂದು ನೆಮ್ಮದಿಪಡಬೇಡಿ. ‘ಧ್ಯಕ್ಷರು’ ಎಂದು ಹುಡುಕಿದರೆ ಎರಡೂ ಸಿಗುತ್ತವೆ, ಪೂರ್ತಿ ಪದವನ್ನೇ ಕೊಡಿ. ಲೋಗೋ ಮತ್ತು ಘೋಷವಾಕ್ಯದ ಗುಚ್ಛವನ್ನು ಆಪ್ಷನ್-ಜಿ ಒತ್ತಿ ಕಾಂಪೌಂಡ್ ಕ್ಲಿಪ್ (ಹಲವು ಕ್ಲಿಪ್ ಸೇರಿದ ಒಂದೇ ಕ್ಲಿಪ್) ಮಾಡಿಟ್ಟರೆ ಒಂದು ಕಡೆ ತಿದ್ದಿದ್ದು ಅದು ಬಳಕೆಯಾದ ಎಲ್ಲ ಕಡೆ ಬದಲಾಗುತ್ತದೆ. ಒಂದು ಕಡೆ ಮಾತ್ರ ಬೇರೆ ಬೇಕಿದ್ದರೆ ಕ್ಲಿಪ್ ಮೆನುವಿನ ರೆಫರೆನ್ಸ್ ನ್ಯೂ ಪೇರೆಂಟ್ ಕ್ಲಿಪ್ ಕೊಟ್ಟು ಬೇರ್ಪಡಿಸಿ.

ಕ್ಲೈಂಟ್ ಕಳಿಸುವ ಹೆಸರಿನ ಪಟ್ಟಿ ಹಳೆಯ ನುಡಿ ಅಕ್ಷರದಲ್ಲಿದ್ದರೆ ನಕಲು ಮಾಡಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಮತ್ತು ಅಂಕಿಗಳನ್ನು ಕಣ್ಣಲ್ಲಿ ನೋಡಿ, ಪಟ್ಟಿಯನ್ನು ಕ್ಲೈಂಟ್‌ಗೆ ವಾಪಸ್ ಕಳಿಸಿ ಒಪ್ಪಿಗೆ ಪಡೆದ ಮೇಲೆಯೇ ಟೈಟಲ್‌ಗೆ ಹಾಕಿ. ಅಕ್ಷರಗಳ ನಡುವಿನ ಟ್ರ್ಯಾಕಿಂಗ್ ಸೊನ್ನೆ ಇರಲಿ, ಹಿಗ್ಗಿಸಿದರೆ ಒತ್ತು ಎಲ್ಲೋ ಅಕ್ಷರ ಎಲ್ಲೋ ಆಗಬಹುದು. ಒಂದೊಂದೇ ಅಕ್ಷರ ಹಾರಿ ಬರುವ ಟೈಟಲ್‌ಗಳಿಗೂ ಇದೇ ರೋಗ. ಸಾಲು ಇಡಿಯಾಗಿ ಮೂಡುವಂಥದ್ದನ್ನೇ ಆರಿಸಿ. ಎರಡು ಸಾಲಿದ್ದರೆ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಟೈಟಲ್ ಕಾಣೆಯಾದರೆ ಹೆದರಬೇಡಿ. ಕನೆಕ್ಟ್ ಆದ ಕ್ಲಿಪ್‌ಗಳು ಒಂದಕ್ಕೊಂದು ಡಿಕ್ಕಿಯಾದಾಗ ಮೇಲಕ್ಕೆ ಜಿಗಿಯುತ್ತವೆ. ಆಮೇಲೆ ಸೇರಿಸಿದ ಬಿ-ರೋಲ್ ಹೆಸರುಪಟ್ಟಿಯ (ಪರದೆಯಲ್ಲಿ ಹೆಸರು ತೋರಿಸುವ ಟೈಟಲ್) ಮೇಲೆ ಕೂತು ಅದನ್ನು ಮುಚ್ಚಿರುತ್ತದೆ. ಟೈಟಲನ್ನು ಮೇಲಕ್ಕೆ ಎಳೆದರೆ ಸರಿಯಾಯಿತು.

ತಿದ್ದುಪಡಿ ಬಂದಾಗ

ರಿವ್ಯೂ ಕಾಪಿಯ ಮೇಲೆ ಓಡುವ ಸಮಯ ತೋರಿಸುವ ಟೈಮ್‌ಕೋಡ್ ಜನರೇಟರ್ ಹಾಕಿಯೇ ಕಳಿಸಿ. ‘ಆ ನೀಲಿ ಶರ್ಟಿನವರು ಬಂದ ಮೇಲೆ ಸ್ವಲ್ಪ ಆಚೆ’ ಎಂಬ ವಿವರಣೆಯಿಂದ ಯಾರಿಗೂ ಲಾಭವಿಲ್ಲ. ಆ ಜನರೇಟರ್‌ಗೆ ‘ರಿವ್ಯೂ’ ಎಂಬ ಪ್ರತ್ಯೇಕ ರೋಲ್ (ಕ್ಲಿಪ್ಪಿನ ವರ್ಗದ ಹೆಸರು) ಕೊಟ್ಟರೆ ಟೈಮ್‌ಲೈನ್ ಇಂಡೆಕ್ಸ್‌ನಲ್ಲಿ ಒಂದು ಗುರುತು ತೆಗೆದು ಮರೆ ಮಾಡಬಹುದು. ಇಂಡೆಕ್ಸ್ ತೆರೆಯಲು ಶಿಫ್ಟ್-ಕಮಾಂಡ್-2.

ಕಳಿಸುವ ಗಾತ್ರದ ಲೆಕ್ಕ ಸರಳ. ನಾಲ್ಕು ನಿಮಿಷದ ವಿಡಿಯೋ ಸೆಕೆಂಡಿಗೆ 2 ಮೆಗಾಬಿಟ್‌ನಲ್ಲಿ ಸುಮಾರು 60 ಎಂಬಿ, 5 ಮೆಗಾಬಿಟ್‌ನಲ್ಲಿ 150 ಎಂಬಿ. ನೋಡಿ ಒಪ್ಪಲು 720ಪಿ ಅಳತೆಯ ಮೊದಲನೆಯದೇ ಸಾಕು. ಮಳೆಗಾಲದಲ್ಲಿ ಸಿದ್ದಾಪುರ, ಯಲ್ಲಾಪುರದ ಕಡೆ ನೆಟ್ ಹೇಗಿರುತ್ತದೆ ಎಂದು ಗೊತ್ತಿದ್ದದ್ದೇ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಧಾರಣ ವಿಡಿಯೋ ಆಗಿ ಕಳಿಸಿದರೆ ಅದು ಮತ್ತಷ್ಟು ಹಿಂಡಿ, ‘ಕ್ಲಾರಿಟಿ ಇಲ್ಲ’ ಎಂಬ ಹೊಸ ತಿದ್ದುಪಡಿ ಹುಟ್ಟುತ್ತದೆ.

ಕ್ಲೈಂಟ್ ಕಡೆಯಿಂದ ಮಾತಾಡುವವರು ಒಬ್ಬರೇ ಇರಬೇಕು. ಏಳು ನಿರ್ದೇಶಕರು ಏಳು ವಾಯ್ಸ್ ಮೆಸೇಜ್ ಕಳಿಸಿದರೆ ಅವು ಒಂದಕ್ಕೊಂದು ವಿರುದ್ಧವೇ ಇರುತ್ತವೆ; ಅವನ್ನು ಹೊಂದಿಸುವುದು ಎಡಿಟರ್ ಕೆಲಸವಲ್ಲ. ಎರಡು ಸುತ್ತು ತಿದ್ದುಪಡಿ ದರದಲ್ಲಿ ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದು ಮುಂಗಡ ಪಡೆಯುವಾಗಲೇ ಬರೆದುಕೊಡಿ.

ಪಟ್ಟಿ ಬಂದ ಕೂಡಲೇ ಕತ್ತರಿಸಲು ಹೋಗಬೇಡಿ. ಮೊದಲು ಶಿಫ್ಟ್-ಕಮಾಂಡ್-ಡಿ ಒತ್ತಿ ಪ್ರಾಜೆಕ್ಟಿನ ಸ್ನ್ಯಾಪ್‌ಶಾಟ್ ತೆಗೆದಿಡಿ. ಬರಿಯ ಡುಪ್ಲಿಕೇಟ್‌ಗೂ ಇದಕ್ಕೂ ವ್ಯತ್ಯಾಸವಿದೆ. ಡುಪ್ಲಿಕೇಟ್ ಮಾಡಿದ ಹಳೆಯ ಆವೃತ್ತಿಯಲ್ಲಿರುವ ಕಾಂಪೌಂಡ್ ಕ್ಲಿಪ್ ಮೂಲಕ್ಕೆ ಅಂಟಿಕೊಂಡೇ ಇರುತ್ತದೆ. ಇವತ್ತು ಲೋಗೋ ಬದಲಿಸಿದರೆ ಹೋದ ವಾರದ ಆವೃತ್ತಿಯಲ್ಲೂ ಬದಲಾಗುತ್ತದೆ. ಸ್ನ್ಯಾಪ್‌ಶಾಟ್ ಇದ್ದದ್ದನ್ನು ಇದ್ದ ಹಾಗೆ ಹಿಡಿದಿಡುತ್ತದೆ. ಮೊದಲಿದ್ದದ್ದೇ ಇರಲಿ ಎಂದಾಗ ತೆರೆಯಬೇಕಾದದ್ದು ಅದನ್ನು. ಹೆಸರು ವಿ01, ವಿ02 ಮತ್ತು ತಾರೀಕು. ‘ಫೈನಲ್’ ಎಂಬ ಪದ ಯಾವ ಹೆಸರಿನಲ್ಲೂ ಬೇಡ.

ಆಮೇಲೆ ಇಡೀ ಪಟ್ಟಿಯನ್ನು ಮಾರ್ಕರ್ ಮಾಡಿ. ಟೈಮ್‌ಕೋಡ್ ಹೇಳಿದ ಜಾಗಕ್ಕೆ ಹೋಗಿ ಎಂ ಕೀಯನ್ನು ಎರಡು ಸಲ ಒತ್ತಿ, ವಿಧವನ್ನು ಟು-ಡೂ ಎಂದು ಆರಿಸಿ, ಕ್ಲೈಂಟ್ ಹೇಳಿದ್ದನ್ನು ಬರೆಯಿರಿ. ಕೆಂಪು ಮಾರ್ಕರ್‌ಗಳೆಲ್ಲ ಇಂಡೆಕ್ಸ್‌ನ ಟ್ಯಾಗ್ಸ್ ವಿಭಾಗದಲ್ಲಿ ಪಟ್ಟಿಯಾಗುತ್ತವೆ, ಮುಗಿದದ್ದಕ್ಕೆ ಗುರುತು ಹಾಕಿದರೆ ಹಸಿರಾಗುತ್ತದೆ. ಮಾರ್ಕರ್ ಅಂಟುವುದು ಕ್ಲಿಪ್ಪಿಗೆ, ಟೈಮ್‌ಲೈನ್‌ಗಲ್ಲ. ‘ಈ ಶಾಟ್ ತೆಗೆಯಿರಿ’ ಎಂಬ ಮಾರ್ಕರ್ ಅದೇ ಶಾಟಿನ ಜೊತೆ ಅಳಿದುಹೋಗುತ್ತದೆ, ಮಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಹಾಗಾಗಿ ಮಾರ್ಕರನ್ನು ಕೆಳಗಿನ ಮಾತಿನ ಕ್ಲಿಪ್ಪಿನ ಮೇಲೆ ಹಾಕಿ.

ಮಾರ್ಕರ್ ಹಾಕುವಷ್ಟು ಪುರುಸೊತ್ತಿಲ್ಲದಿದ್ದರೆ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಮುಗಿಸುತ್ತ ಬನ್ನಿ. 0:40ರಲ್ಲಿ ಐದು ಸೆಕೆಂಡ್ ತೆಗೆದ ಕ್ಷಣವೇ ಆಮೇಲಿನ ಎಲ್ಲ ಟೈಮ್‌ಕೋಡ್ ಐದು ಸೆಕೆಂಡ್ ಹಿಂದೆ ಸರಿಯುತ್ತದೆ. 3:20ರ ತಿದ್ದುಪಡಿ ಮೊದಲು ಮಾಡಿದರೆ ಅದರ ಹಿಂದಿನದು ಯಾವುದೂ ಕದಲುವುದಿಲ್ಲ.

ಶಾಟ್ ಬದಲಿಸುವಾಗ ಹೊಸದನ್ನು ಹಳೆಯದರ ಮೇಲೆ ಎಳೆದು ಬಿಟ್ಟರೆ ಮೆನು ಬರುತ್ತದೆ. ಅದರಲ್ಲಿ ಬರಿಯ ರಿಪ್ಲೇಸ್ ಕೊಟ್ಟರೆ ಹೊಸ ಕ್ಲಿಪ್ ತನ್ನ ಪೂರ್ತಿ ಉದ್ದದೊಂದಿಗೆ ಬಂದು ಮುಂದಿನದನ್ನೆಲ್ಲ ತಳ್ಳುತ್ತದೆ. ರಿಪ್ಲೇಸ್ ಫ್ರಮ್ ಸ್ಟಾರ್ಟ್ ಕೊಟ್ಟರೆ ಹಳೆಯದರ ಉದ್ದಕ್ಕೇ ಕೂರುತ್ತದೆ. ಬಿ-ರೋಲ್‌ಗೆ ಎರಡನೆಯದು, ಮರು ಧ್ವನಿಮುದ್ರಿಸಿದ ಪ್ಯಾರಾಕ್ಕೆ ಮೊದಲನೆಯದು. ಎರಡು ಶಾಟ್‌ಗಳಲ್ಲಿ ಯಾವುದು ಎಂದು ಕ್ಲೈಂಟ್ ತೀರ್ಮಾನಿಸಿಲ್ಲವಾದರೆ ಅದೇ ಮೆನುವಿನ ಆಡ್ ಟು ಆಡಿಷನ್ ಆರಿಸಿ. ಅವರು ಪಕ್ಕದಲ್ಲಿ ಕೂತಿರುವಾಗ ವೈ ಒತ್ತಿ ಎರಡನ್ನೂ ತೋರಿಸಬಹುದು.

ತೆಗೆದ ಭಾಗಗಳಿಗೆ ‘ತೆಗೆದದ್ದು’ ಎಂಬ ಬೇರೆ ಪ್ರಾಜೆಕ್ಟ್ ಇರಲಿ. ಬೈಟ್ ಮತ್ತು ಅದಕ್ಕೆ ಅಂಟಿದ ಬಿ-ರೋಲ್, ಟೈಟಲ್ ಎಲ್ಲವನ್ನೂ ಒಟ್ಟಿಗೆ ಆಯ್ದು ಕಟ್ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಮಾಜಿ ಅಧ್ಯಕ್ಷರ ಬೈಟ್ ವಾಪಸ್ ಬರುವ ಸಾಧ್ಯತೆ ಯಾವತ್ತೂ ಇದ್ದೇ ಇರುತ್ತದೆ.

ಎರಡು ಭಾಷೆ

ಧ್ವನಿ ಒಂದೇ ಇದ್ದು ಹೆಸರುಪಟ್ಟಿ ಮಾತ್ರ ಕನ್ನಡ, ಇಂಗ್ಲಿಷ್ ಎರಡರಲ್ಲಿ ಬೇಕಿದ್ದರೆ ಒಂದೇ ಟೈಮ್‌ಲೈನ್ ಸಾಕು. ಟೈಟಲ್ಸ್ ರೋಲ್ ಕೆಳಗೆ ಎರಡು ಸಬ್‌ರೋಲ್ ಮಾಡಿ, ಎಕ್ಸ್‌ಪೋರ್ಟ್ ಹೊತ್ತಿಗೆ ಒಂದನ್ನು ಆಫ್ ಮಾಡಿ, ಬಂದ ಫೈಲನ್ನು ಒಮ್ಮೆ ಪೂರ್ತಿ ನೋಡಿ. ವಾಯ್ಸ್ ಓವರೇ ಬೇರೆಯಾದರೆ ಈ ಉಪಾಯ ನಡೆಯದು. ಎರಡು ಭಾಷೆಯ ಪ್ಯಾರಾ ಒಂದೇ ಉದ್ದ ಇರುವುದಿಲ್ಲ. ಕನ್ನಡದ್ದು ಲಾಕ್ ಆಗುವವರೆಗೆ ಇಂಗ್ಲಿಷ್ ಪ್ರಾಜೆಕ್ಟ್ ಶುರು ಮಾಡಲೇಬೇಡಿ.

ಕೊಡುವಾಗ, ಕೊಟ್ಟ ಮೇಲೆ

ಮಾಸ್ಟರ್ ಫೈಲ್ ಆಪಲ್‌ನ ಉತ್ತಮ ಗುಣಮಟ್ಟದ ವಿಡಿಯೋ ರೂಪವಾದ ಪ್ರೊರೆಸ್ 422ರಲ್ಲಿರಲಿ. 1080ಪಿ, 25 ಫ್ರೇಮ್‌ಗೆ ಅದು ಸೆಕೆಂಡಿಗೆ ಸುಮಾರು 122 ಮೆಗಾಬಿಟ್, ಐದು ನಿಮಿಷಕ್ಕೆ 4.5 ಜಿಬಿಗೂ ಮೇಲೆ. ಫ್ಯಾಟ್32 ಪೆನ್ ಡ್ರೈವಿಗೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಸಭಾಭವನದ ಲ್ಯಾಪ್‌ಟಾಪಿಗೆ ಹೇಗೂ ಎಚ್.264 ಫೈಲೇ ಕೊಡಿ, ಅದರಲ್ಲಿ ಪ್ರೊರೆಸ್ ಓಡದೆ ಇರುವ ಸಂಭವವೇ ಹೆಚ್ಚು. ಹಗಲಿನ ಸಭೆಯ ಪ್ರೊಜೆಕ್ಟರಿನಲ್ಲಿ ತೆಳು ಬಣ್ಣದ ಟೈಟಲ್ ಕಾಣುವುದಿಲ್ಲ. ಬಿಳಿ ಅಕ್ಷರಕ್ಕೆ ಗಾಢ ಪಟ್ಟಿ ಇರಲಿ.

ಕೆಲಸದ ನಡುವೆ ಕರೆಂಟ್ ಹೋದರೆ ಯುಪಿಎಸ್ ಇಲ್ಲದಿದ್ದರೂ ಎಡಿಟ್ ಉಳಿದಿರುತ್ತದೆ, ಫೈನಲ್ ಕಟ್ ತಾನೇ ಸೇವ್ ಮಾಡುತ್ತಿರುತ್ತದೆ. ಅದರ ಮೇಲೆ ಬದಲಾವಣೆ ಆಗುತ್ತಿರುವಾಗ 15 ನಿಮಿಷಕ್ಕೊಮ್ಮೆ ಲೈಬ್ರರಿಯ (ಪ್ರಾಜೆಕ್ಟ್‌ಗಳೆಲ್ಲ ಇರುವ ಫೈಲ್) ಬ್ಯಾಕಪ್ ಕೂಡ ಮಾಡುತ್ತದೆ. ಲೈಬ್ರರಿ ಕೆಟ್ಟರೆ ಫೈಲ್ ಮೆನುವಿನ ಓಪನ್ ಲೈಬ್ರರಿ, ಅಲ್ಲಿಂದ ಫ್ರಮ್ ಬ್ಯಾಕಪ್. ಆ ಬ್ಯಾಕಪ್‌ನಲ್ಲಿ ಎಡಿಟ್ ಮಾತ್ರ ಇರುತ್ತದೆ, ಶೂಟ್ ಮಾಡಿದ ಫೈಲ್ ಇರುವುದಿಲ್ಲ. ಅದಕ್ಕೆ ಎರಡನೇ ಹಾರ್ಡ್ ಡಿಸ್ಕ್ ಬೇಕೇ ಬೇಕು.

ಹಣ ಬಂದ ಮೇಲೆ ಲೈಬ್ರರಿ ಅಳಿಸಬೇಡಿ. ಮುಂದಿನ ವರ್ಷ ಅದೇ ಸಂಘ ಹೊಸ ಆಡಳಿತ ಮಂಡಳಿಯೊಂದಿಗೆ ಇದೇ ವಿಡಿಯೋ ತಿದ್ದಿಸಲು ಬರುತ್ತದೆ. ಡಿಲೀಟ್ ಜನರೇಟೆಡ್ ಲೈಬ್ರರಿ ಫೈಲ್ಸ್ ಕೊಟ್ಟು ರೆಂಡರ್ ಮತ್ತು ಪ್ರಾಕ್ಸಿ (ಎಡಿಟಿಂಗಿಗಾಗಿ ಮಾಡಿದ ಹಗುರ ನಕಲು) ಫೈಲ್ ತೆಗೆದರೆ ಗಾತ್ರ ಇಳಿಯುತ್ತದೆ, ಬೇಕಾದಾಗ ಅವನ್ನು ಮತ್ತೆ ಮಾಡಿಕೊಳ್ಳಬಹುದು. ನಂತರ ಮೀಡಿಯಾವನ್ನು ಕನ್ಸಾಲಿಡೇಟ್ ಮಾಡಿ, ಅಂದರೆ ಒಂದೆಡೆ ಸೇರಿಸಿ, ಲೈಬ್ರರಿ ಪ್ರಾಪರ್ಟೀಸ್‌ನಲ್ಲಿ ಮೋಷನ್ ಕಂಟೆಂಟ್ (ಟೈಟಲ್, ಎಫೆಕ್ಟ್‌ಗಳ ಟೆಂಪ್ಲೇಟ್) ಕೂಡ ಲೈಬ್ರರಿಯೊಳಗೇ ಇರುವಂತೆ ಬದಲಿಸಿ. ಬಳಸಿದ ಕನ್ನಡ ಫಾಂಟಿನ ಫೈಲ್, ಒಪ್ಪಿಗೆಯಾದ ಹೆಸರಿನ ಪಟ್ಟಿ ಮತ್ತು ಮ್ಯೂಸಿಕ್ ಲೈಸೆನ್ಸಿನ ರಸೀದಿಯನ್ನು ಅದೇ ಡಿಸ್ಕಿನ ಅದೇ ಫೋಲ್ಡರಿಗೆ ಹಾಕಿ.